‘ಮುಂದೇನು’ ಅನ್ನುವ ಮಾತು ಏಳನೇ ಕ್ಲಾಸಿಗೇ ಬರಲಿ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. “ಸಾರ್, ಮಗಳಿಗೆ 82 ಪರ್ಸೆಂಟ್ ಬಂದಿದೆ, ಸೈನ್ಸ್ ಕೊಡಿಸಬಹುದಾ?” ಅವಳಿಗೆ ಏನಿಷ್ಟ ಅಂತ ಕೇಳಿದರೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅವಳಿಗೇನು ಗೊತ್ತಾಗುತ್ತೆ ಸಾರ್.”

ಹೆತ್ತವರನ್ನು ನಾನು ದೂರುವುದಿಲ್ಲ. ಅಡ್ಮಿಷನ್ ಬಾಗಿಲಲ್ಲಿ ನಿಂತಾಗ ಯಾರಿಗೆ ತಾನೇ ನಿಧಾನವಾಗಿ ಯೋಚಿಸಲು ಆಗುತ್ತದೆ? ತಪ್ಪಿರುವುದು ಸಮಯದಲ್ಲಿ. ನಮ್ಮ ಎಷ್ಟೋ ಶಾಲೆಗಳಲ್ಲಿ ಕೆರಿಯರ್ ಗೈಡೆನ್ಸ್ ಅಂದರೆ ಹತ್ತನೇ ಕ್ಲಾಸಿನ ಕೊನೆಗೆ ಎರಡು ಗಂಟೆಯ ಒಂದು ಭಾಷಣ. ಆಗ ಮಕ್ಕಳ ತಲೆಯಲ್ಲಿ ಪರೀಕ್ಷೆ ಬಿಟ್ಟು ಬೇರೇನೂ ಇರುವುದಿಲ್ಲ.

ಯಾವ ಕೋರ್ಸ್, ಎಷ್ಟು ವರ್ಷ, ಎಷ್ಟು ಫೀಸು ಎಂಬುದನ್ನೆಲ್ಲ ಈಗ ಮೊಬೈಲೇ ಹೇಳುತ್ತದೆ. ಇನ್ನು ಮುಂದೆ ಇನ್ನೂ ಚೆನ್ನಾಗಿ ಹೇಳುತ್ತದೆ. ಆದ್ದರಿಂದ ಕೋರ್ಸುಗಳ ಪಟ್ಟಿ ಓದುವುದು ಮಕ್ಕಳಿಗೆ ದಾರಿ ತೋರಿಸುವ ನಮ್ಮಂಥವರ ಕೆಲಸವಾಗಿ ಉಳಿಯುವುದಿಲ್ಲ. ಒಂದು ಬಾಗಿಲು ಹಿಡಿದರೆ ಮುಂದೆ ಯಾವುದು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ ಅಂತ ಮಗುವಿನ ಪಕ್ಕ ಕೂತು ತೋರಿಸುವವರು ಬೇಕು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೋಬಳಿ ಹೈಸ್ಕೂಲಿನವನು. ಮಾವನ ಜೊತೆ ಹೋಗಿ ಬೋರ್‌ವೆಲ್ ಮೋಟರ್ ರಿಪೇರಿ ಕಲಿತಿದ್ದ. ಅವನಿಗೆ ಐಟಿಐ ಸೇರುವ ಆಸೆ. ಅಪ್ಪನಿಗೆ ಪಿಯುಸಿ ಸೈನ್ಸ್ ಹಟ. “ಐಟಿಐಗೆ ಹೋಗೋದು ದಡ್ಡರು ಸಾರ್” ಅಂದರು. ವಾದ ಮಾಡಲಿಲ್ಲ. ಒಂದು ಕೆಲಸದ ದಿನ ಮೂವರೂ ಹತ್ತಿರದ ಐಟಿಐಗೆ ಹೋದೆವು. ಮೋಟರ್ ವೈಂಡಿಂಗ್ ನಡೆಯುತ್ತಿತ್ತು. ಹುಡುಗ ಕೇಳಿದ ಪ್ರಶ್ನೆಗಳಿಗೆ ಅಲ್ಲಿನ ಮೇಷ್ಟ್ರು ಕೆಲಸ ನಿಲ್ಲಿಸಿ ಉತ್ತರ ಕೊಟ್ಟರು. ಅಪ್ಪ ಸುಮ್ನೆ ನಿಂತು ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ: “ಓದು ಇಲ್ಲಿಗೇ ನಿಂತುಬಿಡುತ್ತಾ?” ನಾನು ಅಲ್ಲೇ ಲೆಕ್ಕ ಬರೆದು ತೋರಿಸಿದೆ. ಎಲೆಕ್ಟ್ರಿಷಿಯನ್ ಐಟಿಐ 2 ವರ್ಷ. ಅದರಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿ 2 ವರ್ಷ. ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀಟು ಸಿಕ್ಕರೆ ಬಿಇ ಎರಡನೇ ವರ್ಷಕ್ಕೇ ಪ್ರವೇಶ, ಅದು 3 ವರ್ಷ. ಒಟ್ಟು 7. ಪಿಯುಸಿ ಮಾಡಿ ಬಿಇ ಮುಗಿಸಲು 6. ಒಂದೇ ವರ್ಷ ಜಾಸ್ತಿ, ಅದೂ ಕೈಯಲ್ಲಿ ಕಸುಬು ಇಟ್ಟುಕೊಂಡು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಡಿಪ್ಲೊಮಾ ಸೇರಿದರೆ ಅದೂ 3 ಮತ್ತು 3, ಆರೇ ವರ್ಷ. ಈ ಲೆಕ್ಕ ಎಷ್ಟು ಮನೆಗಳಿಗೆ ಗೊತ್ತಿದೆ?

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಎಂಟನೇ ಕ್ಲಾಸಿಗೆ ಮಗುವನ್ನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದರೆ ಎರಡೂ ಕೈತಪ್ಪುತ್ತವೆ. ಹಾಕಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಗೊತ್ತಿದ್ದು ಹಾಕಬೇಕು, ಅಲ್ವಾ? ಏಳನೇ ಕ್ಲಾಸಿನ ಪೋಷಕರ ಸಭೆಯಲ್ಲಿ ಹೇಳಬೇಕಾದ ಮಾತಿದು. ಹತ್ತರ ಕೊನೆಗೆ ಹೇಳಿ ಏನು ಪ್ರಯೋಜನ?

ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಜೊತೆ ಕಳೆಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತ್ತು. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ತಕರಾರುಗಳಿವೆ. ಅವು ಇರಲಿ, ಈ ಒಂದು ಯೋಚನೆಯನ್ನು ಬಿಡಬಾರದು. ಮಕ್ಕಳು ತಾವು ನೋಡಿದ ಕೆಲಸವನ್ನೇ ಬಯಸುತ್ತಾರೆ. ಎಷ್ಟೋ ಮಕ್ಕಳು ಹತ್ತಿರದಿಂದ ನೋಡಿರುವುದು ಮೇಷ್ಟ್ರು, ಪೊಲೀಸ್, ಡಾಕ್ಟರ್ ಇಷ್ಟೇ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು, ಜಮೀನು ಅಳೆಯುವ ಸರ್ವೇಯರ್, ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವರು ಏನು ಓದಿದ್ದಾರೆ ಅಂತ ಯಾರೂ ಆ ಮಕ್ಕಳಿಗೆ ಹೇಳಿಲ್ಲ.

ಇದಕ್ಕೆ ಪ್ರತಿ ಶಾಲೆಗೂ ಒಬ್ಬ ಕೌನ್ಸೆಲರ್ ಬರುವವರೆಗೆ ಕಾಯಲು ಆಗುವುದಿಲ್ಲ. ಮಗುವನ್ನು ದಿನಾ ನೋಡುವ ಕ್ಲಾಸ್ ಟೀಚರ್‌ಗೇ ತರಬೇತಿ ಕೊಡಬೇಕು. ಅದಕ್ಕಿಂತ ಮುಖ್ಯವಾಗಿ, ಸಮಯ ಕೊಡಬೇಕು. ನಾನು ಹೋಗಿಬರುವ ಒಂದು ಶಾಲೆಯ ಹೆಡ್‌ಮಾಸ್ಟರು ತಿಂಗಳಿಗೆ ಎರಡು ಪೀರಿಯಡ್ ಬಿಟ್ಟುಕೊಡಲು ಒಪ್ಪಿದ್ದಾರೆ. ಮಕ್ಕಳಿಗೆ ಮೊದಲ ಕೆಲಸವನ್ನೂ ಕೊಟ್ಟಾಗಿದೆ. ಊರಲ್ಲಿ ಮೂವರ ಕೆಲಸವನ್ನು ಅರ್ಧ ದಿನ ಪಕ್ಕದಲ್ಲಿ ಕೂತು ನೋಡಬೇಕು. ಏನು ಓದಿದಿರಿ, ಯಾರು ದಾರಿ ತೋರಿಸಿದರು ಅಂತ ಅವರನ್ನೇ ಕೇಳಿ ಬರೆದುಕೊಂಡು ಬರಬೇಕು.