ಮೊದಲ ಹತ್ತು ಹಾರಾಟ

ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗಲೇ ಅಮೆರಿಕದ ವಾಯುಪಡೆ ತನ್ನ ಸೋಲು ಗೆಲುವಿನ ಲೆಕ್ಕ ನೋಡಲು ಕೂತಿತು. ಆಕಾಶದಲ್ಲಿ ನಡೆದ ಒಂದೊಂದು ಕಾಳಗವನ್ನೂ ಬಿಡಿಸಿ ನೋಡುವ ಕೆಲಸ ಅದು. 'ರೆಡ್ ಬ್ಯಾರನ್' ಎಂದು ಅದಕ್ಕೆ ಹೆಸರು. ಯಾರು ಯಾರನ್ನು ಮೊದಲು ಕಂಡರು, ಯಾವ ಆಯುಧ ಹಾರಿಸಿದರು, ತಾಗಿತೋ ಇಲ್ಲವೋ, ಎಲ್ಲವನ್ನೂ ಪೈಲಟ್‌ಗಳಿಂದಲೇ ಕೇಳಿ ಬರೆದುಕೊಂಡರು. ಆ ಕಾಲದ ಲೆಕ್ಕಾಚಾರದಲ್ಲಿ ಎದ್ದು ಕಂಡ ಒಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಪೈಲಟ್‌ಗೆ ಎಲ್ಲಕ್ಕಿಂತ ಹೆಚ್ಚು ಅಪಾಯ ಇದ್ದದ್ದು ಅವನ ಮೊದಲ 10 ಯುದ್ಧ ಹಾರಾಟಗಳಲ್ಲಿ. ಹತ್ತು ದಾಟಿದವನು ಬದುಕಿ ಬರುವ ಸಾಧ್ಯತೆ ಬಹಳ ಜಾಸ್ತಿ.

ವಿಮಾನ ಅದೇ, ಎದುರಾಳಿ ಅವನೇ. ರೆಕ್ಕೆ, ಎಂಜಿನ್ ಯಾವುದೂ ಬದಲಾಗಿಲ್ಲ. ಬದಲಾದದ್ದು ಪೈಲಟ್‌ನ ತಲೆಯೊಳಗೆ ಮಾತ್ರ. ಹಾಗಿದ್ದರೆ ಆ ಹತ್ತು ಹಾರಾಟಗಳನ್ನು ಯುದ್ಧಕ್ಕೆ ಹೋಗುವ ಮೊದಲೇ, ಸಾಯಬೇಕಾಗಿಲ್ಲದ ಒಂದು ಜಾಗದಲ್ಲಿ ಮಾಡಿಸಿಬಿಡಬಹುದು ಅಲ್ವಾ?

ಕೇಳಲು ಸುಲಭ. ಆದರೆ ಆಗ ನಡೆಯುತ್ತಿದ್ದ ತರಬೇತಿ ಈ ಯೋಚನೆಯಿಂದ ಬಹಳ ದೂರ ಇತ್ತು. ಕಾಳಗದ ಅಭ್ಯಾಸ ಎಂದರೆ ಹೆಚ್ಚಾಗಿ ಒಂದು ಎಫ್-4 ಫ್ಯಾಂಟಮ್ ಇನ್ನೊಂದು ಎಫ್-4 ಫ್ಯಾಂಟಮ್ ಜೊತೆ ಸೆಣಸುವುದು. ಫ್ಯಾಂಟಮ್ ದೊಡ್ಡ ವಿಮಾನ. ರೆಕ್ಕೆಯ ಅಗಲವೇ ಸುಮಾರು 11.7 ಮೀಟರ್. ಅದರ ಎಂಜಿನ್ ಹಿಂದೆ ಕಪ್ಪು ಹೊಗೆಯ ಗೆರೆ ಎಳೆಯುತ್ತಾ ಹೋಗುತ್ತಿತ್ತು, ಮೈಲುಗಟ್ಟಲೆ ದೂರದಿಂದಲೂ ಕಾಣುತ್ತಿತ್ತು. ಅದನ್ನೇ ಹುಡುಕಿ ಹುಡುಕಿ ಪಳಗಿದ ಕಣ್ಣು ವಿಯೆಟ್ನಾಮಿನಲ್ಲಿ ಮಿಗ್-21ನ್ನು ಹುಡುಕಬೇಕಾಯಿತು. ಇದರ ರೆಕ್ಕೆಯ ಅಗಲ ಸುಮಾರು 7.2 ಮೀಟರ್. ಹೊಗೆ ಕಡಿಮೆ, ಮೈ ಸಣ್ಣ. ಎದುರಿನಿಂದ ಬಂದರೆ ಆಕಾಶದಲ್ಲಿ ಒಂದು ಚುಕ್ಕೆ, ಅಷ್ಟೆ. 2025ರ ಸೆಪ್ಟೆಂಬರ್‌ವರೆಗೂ ನಮ್ಮ ವಾಯುಪಡೆಯಲ್ಲಿ ಹಾರಿದ ವಿಮಾನ ಇದು. ಅದರ ಪುಟ್ಟ ಮೈ ನಮಗೆ ಹೊಸದಲ್ಲ.

ಕ್ಷಿಪಣಿಗಳ ಮೇಲೆ ಇಟ್ಟಿದ್ದ ನಂಬಿಕೆಯೂ ಕೈಕೊಟ್ಟಿತು. ಹಾರಿಸಿದ ಹತ್ತು ಸ್ಪ್ಯಾರೋ ಕ್ಷಿಪಣಿಗಳಲ್ಲಿ ಒಂದು ಗುರಿ ಮುಟ್ಟಿದರೆ ಅದೇ ಹೆಚ್ಚು ಎನ್ನುವ ಸ್ಥಿತಿ. ಜೊತೆಗೆ, ಎಲ್ಲರೂ ಒಂದು ಸುತ್ತು ಯುದ್ಧಕ್ಕೆ ಹೋಗಿ ಬರುವ ತನಕ ಯಾರನ್ನೂ ಒತ್ತಾಯದಿಂದ ಎರಡನೇ ಸುತ್ತಿಗೆ ಕಳಿಸಬಾರದು ಎಂಬ ನಿಯಮ ಇತ್ತು. ಇದರಿಂದ ಸರಕು ಸಾಗಣೆಯ ವಿಮಾನ ಹಾರಿಸುತ್ತಿದ್ದವರೂ ಒಂದಿಷ್ಟು ತರಬೇತಿ ಪಡೆದು ಫ್ಯಾಂಟಮ್ ಹತ್ತಿದರು. ಬೇರೆ ಬೇರೆ ಜಾತಿಯ ವಿಮಾನಗಳ ನಡುವಿನ ಕಾಳಗದ ಅಭ್ಯಾಸವನ್ನು ಅಪಘಾತದ ಭಯದಿಂದ ವಾಯುಪಡೆ ಕಡಿಮೆ ಮಾಡಿತ್ತು. ಆ ಭಯ ತಪ್ಪಲ್ಲ. ಆದರೆ ಅಭ್ಯಾಸದಲ್ಲಿ ಉಳಿದ ಜೀವ ಯುದ್ಧದಲ್ಲಿ ಹೋಯಿತು.

ಇಲ್ಲಿ ಇತಿಹಾಸವೇ ಒಂದು ಪ್ರಯೋಗ ಮಾಡಿ ತೋರಿಸಿತು. ಅಮೆರಿಕದ ನೌಕಾಪಡೆಯ ಬಳಿಯೂ ಫ್ಯಾಂಟಮ್ ವಿಮಾನಗಳಿದ್ದವು. 1968ರವರೆಗೆ ಅದರ ಲೆಕ್ಕವೂ ಕಳಪೆಯೇ: ತಾನು ಕಳೆದುಕೊಂಡ ಒಂದು ವಿಮಾನಕ್ಕೆ ಎದುರಾಳಿಯ ಸುಮಾರು 2. ಕಾರಣ ಹುಡುಕಲು ಫ್ರಾಂಕ್ ಆಲ್ಟ್ ಎಂಬ ಅಧಿಕಾರಿಯನ್ನು ನೇಮಿಸಿದರು. ಅವರ ವರದಿಯ ಫಲವಾಗಿ 1969ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮಿರಾಮಾರ್‌ನಲ್ಲಿ 'ಟಾಪ್‌ಗನ್' ಶಾಲೆ ಶುರುವಾಯಿತು. ಅಲ್ಲಿ ಎದುರಾಳಿಯಾಗಿ ಬರುತ್ತಿದ್ದದ್ದು ಸಣ್ಣ, ಚುರುಕು ವಿಮಾನಗಳು. 1972ರಲ್ಲಿ ಬಾಂಬ್ ದಾಳಿ ಮತ್ತೆ ಶುರುವಾದಾಗ ನೌಕಾಪಡೆಯ ಲೆಕ್ಕ ಒಂದಕ್ಕೆ 12ರ ಆಸುಪಾಸಿಗೆ ಏರಿತ್ತು. ವಾಯುಪಡೆ ಹೆಚ್ಚು ಕಡಿಮೆ 2ರಲ್ಲೇ ಉಳಿಯಿತು. ವಾಯುಪಡೆಯ ಹೊಸ ಫ್ಯಾಂಟಮ್‌ಗಳಿಗೆ ಒಳಗೇ ಫಿರಂಗಿ ಕೂರಿಸಿದ್ದರು, ನೌಕಾಪಡೆಯವಕ್ಕೆ ಅದೂ ಇರಲಿಲ್ಲ.

ಇದನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಪಕ್ಕಾ ಪ್ರಯೋಗ ಎನ್ನಲಾಗದು. ಎರಡೂ ಪಡೆಗಳ ಕ್ಷಿಪಣಿಗಳು ಒಂದೇ ಆಗಿರಲಿಲ್ಲ. ಹಾರುತ್ತಿದ್ದ ದಾರಿ ಬೇರೆ, ಹಡಗಿನ ರಾಡಾರ್‌ಗಳ ಸಹಾಯವೂ ಇತ್ತು. ಹಾಗಿದ್ದರೂ ಅಂತರ ಎಷ್ಟು ದೊಡ್ಡದೆಂದರೆ, ತರಬೇತಿಯನ್ನು ಬದಿಗಿಟ್ಟು ಇದನ್ನು ವಿವರಿಸುವುದು ನನ್ನ ಮಟ್ಟಿಗೆ ಸಾಧ್ಯವಿಲ್ಲ.

ತಲೆಯೊಳಗೆ ಬದಲಾಗುವುದು ಏನು? ಇದಕ್ಕೆ ಚೆಸ್ ಮಣೆಯಿಂದ ಒಂದು ಸುಳಿವು ಸಿಗುತ್ತದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ವಿಜ್ಞಾನಿಗಳು, ನಿಜವಾದ ಆಟದ ನಡುವಿನ ಮಣೆಯೊಂದನ್ನು ಐದು ಸೆಕೆಂಡ್ ತೋರಿಸಿ, ನೆನಪಿನಿಂದ ಕಾಯಿಗಳನ್ನು ಜೋಡಿಸಲು ಹೇಳಿದರು. ಪಳಗಿದ ಆಟಗಾರರು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಜೋಡಿಸಿದರು. ಅದೇ ಕಾಯಿಗಳನ್ನು ಸುಮ್ನೆ ಮನಸ್ಸಿಗೆ ಬಂದಲ್ಲಿ ಇಟ್ಟು ತೋರಿಸಿದಾಗ ಆ ಮೇಲುಗೈ ಹೆಚ್ಚು ಕಡಿಮೆ ಮಾಯ. ಅಂದರೆ ಅವರ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ. ಕಾಯಿಗಳನ್ನು ಒಂದೊಂದಾಗಿ ನೋಡದೆ, ಗುಂಪು ಗುಂಪಾಗಿ, ಪರಿಚಯದ ಮುಖ ಗುರುತಿಸಿದ ಹಾಗೆ ನೋಡುತ್ತಿದ್ದರು.

ಹೊಸ ಪೈಲಟ್‌ಗೆ ಮೊದಲ ಯುದ್ಧ ಹಾರಾಟ ಎಂದರೆ ಚದುರಿದ ಕಾಯಿಗಳ ಮಣೆ. ಕಿವಿಯಲ್ಲಿ ಒಟ್ಟಿಗೇ ಮೂರ್ನಾಲ್ಕು ಜನರ ದನಿ. ರಾಡಾರ್ ಎಚ್ಚರಿಕೆಯ ಕೀರಲು. ಕೆಳಗಿನಿಂದ ಹೊಗೆ ಎದ್ದಿತು, ಅದು ಕ್ಷಿಪಣಿಯೋ ಬೆಂಕಿಯೋ? ಇಂಧನ ಎಷ್ಟಿದೆ? ಜೊತೆಗಾರ ಎಲ್ಲಿ? ಒಮ್ಮೆಗೆ ಮನಸ್ಸು ಹಿಡಿದಿಟ್ಟುಕೊಳ್ಳುವುದು ಬೆರಳೆಣಿಕೆಯ ಸಂಗತಿಗಳನ್ನು ಮಾತ್ರ. ಕಣ್ಣಿನ ಮೇಲೆ ಹೊರೆ ಹೆಚ್ಚಾದಾಗ ಕಿವಿ ಮಂದವಾಗುತ್ತದೆ, ಎಚ್ಚರಿಕೆಯ ಗಂಟೆಯೂ ಕೇಳಿಸುವುದಿಲ್ಲ. ಪುಸ್ತಕದ ಕಥೆಯಲ್ಲಿ ಮುಳುಗಿದ ಮಗುವಿಗೆ ಅಮ್ಮ ಊಟಕ್ಕೆ ಕೂಗಿದ್ದು ಕೇಳದ ಹಾಗೆ. ಹತ್ತು ಸಲ ಹೋಗಿ ಬಂದವನಿಗೆ ಆ ಗದ್ದಲದಲ್ಲೇ ಗುರುತಿನ ಮುಖಗಳು ಕಾಣತೊಡಗುತ್ತವೆ. ಅಭ್ಯಾಸದ ಆಕಾಶ ಯುದ್ಧದ ಆಕಾಶವನ್ನು ಹೋಲಲೇಬೇಕು ಎನ್ನುವುದು ಇದಕ್ಕೇ. ಹೋಲದಿದ್ದರೆ ಕಲಿತ ಮುಖಗಳೇ ಬೇರೆ.

ರಿಚರ್ಡ್ 'ಮೂಡಿ' ಸೂಟರ್ ಎಂಬ ವಾಯುಪಡೆ ಅಧಿಕಾರಿ ಈ ಮಾತನ್ನು ಹಿಡಿದು ಮೇಲಿನವರ ಬೆನ್ನು ಬಿದ್ದರು. ಜನರಲ್ ರಾಬರ್ಟ್ ಡಿಕ್ಸನ್ ಒಪ್ಪಿದರು. 1975ರ ನವೆಂಬರ್‌ನಲ್ಲಿ, ಲಾಸ್ ವೇಗಸ್ ಪಕ್ಕದ ನೆಲ್ಲಿಸ್ ವಾಯುನೆಲೆಯಲ್ಲಿ 'ರೆಡ್ ಫ್ಲ್ಯಾಗ್' ಎಂಬ ಯುದ್ಧಾಭ್ಯಾಸ ಮೊದಲ ಸಲ ನಡೆಯಿತು. ನೆಲ್ಲಿಸ್‌ನ ಉತ್ತರಕ್ಕೆ ನೆವಾಡಾದ ಮರುಭೂಮಿ. ತರಬೇತಿಗೆ ಮೀಸಲಾದ ನೆಲ ಸುಮಾರು 11,700 ಚದರ ಕಿ.ಮೀ., ನಮ್ಮ ತುಮಕೂರು ಜಿಲ್ಲೆಗಿಂತ ದೊಡ್ಡದು.

ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ನೀರು ನಿಜ, ಆಳ ನಿಜ, ಹೆದರಿಕೆಯೂ ನಿಜ. ಮುಳುಗುವುದು ಮಾತ್ರ ಇಲ್ಲ. ರೆಡ್ ಫ್ಲ್ಯಾಗ್ ಕಟ್ಟಿದವರು ಹುಡುಕಿದ್ದು ಇಂಥದ್ದೇ ಬುರುಡೆಯನ್ನು.

ಆಟದಲ್ಲಿ ನೀಲಿ ಪಡೆ ದಾಳಿ ಮಾಡುವವರು, ಕೆಂಪು ಪಡೆ ಎದುರಾಳಿ, ಬಿಳಿ ಪಡೆ ತೀರ್ಪುಗಾರರು. ಸಾಮಾನ್ಯವಾಗಿ ಎರಡು ವಾರ, ದಿನ ಕಳೆದಂತೆ ಕಷ್ಟ ಏರುತ್ತದೆ. ಕೆಂಪು ಪಡೆಯಲ್ಲಿ 'ಅಗ್ರೆಸರ್' ಎಂಬ ವಿಶೇಷ ತುಕಡಿಗಳು ಹಾರುತ್ತವೆ. ಅವರ ಕೆಲಸವೇ ಶತ್ರುವಿನ ಹಾಗೆ ಯೋಚಿಸುವುದು. ಮೊದಲ ವರ್ಷಗಳಲ್ಲಿ ಅವರ ಕೈಗೆ ಬಂದದ್ದು ಎಫ್-5, ಗಾತ್ರದಲ್ಲಿ ಮಿಗ್-21ಕ್ಕೆ ಹತ್ತಿರ. ಸೋವಿಯತ್ ಬಣ್ಣ ಬಳಿದು, ಮೂತಿಯ ಮೇಲೆ ಅವರದೇ ರೀತಿಯ ದೊಡ್ಡ ಅಂಕಿ ಬರೆದರು. ನೆಲದ ಮೇಲೆ ಶತ್ರು ರಾಡಾರ್‌ನಂತೆಯೇ ಅಲೆಗಳನ್ನು ಕಳಿಸುವ ಯಂತ್ರಗಳು. 'ಸ್ಮೋಕಿ ಸ್ಯಾಮ್' ಎಂಬ ಪುಟ್ಟ ರಾಕೆಟ್ ಕೂಡ ಇದೆ. ರಟ್ಟು, ಥರ್ಮಾಕೋಲ್‌ನಂಥ ಹಗುರ ವಸ್ತುಗಳಿಂದ ಮಾಡಿದ್ದು. ಆಕಸ್ಮಿಕವಾಗಿ ತಾಗಿದರೂ ವಿಮಾನಕ್ಕೆ ದೊಡ್ಡ ಹಾನಿ ಆಗಬಾರದು ಎಂದು ಹಾಗೆ. ಆದರೆ ಅದು ಎಳೆಯುವ ಬಿಳಿ ಹೊಗೆ ನೋಡಿದರೆ ಎದೆ ಧಸಕ್ಕೆನ್ನಬೇಕು.

ಅಸಲಿ ಶತ್ರು ವಿಮಾನವನ್ನೇ ತೋರಿಸಿದರೆ? ಅದನ್ನೂ ಮಾಡಿದರು, ಗುಟ್ಟಾಗಿ. ನೆವಾಡಾದ ಟೊನೊಪಾ ಎಂಬಲ್ಲಿ 1988ರವರೆಗೆ ನಿಜವಾದ ಮಿಗ್-17, ಮಿಗ್-21, ಮಿಗ್-23 ವಿಮಾನಗಳನ್ನು ಹಾರಿಸುತ್ತಿದ್ದರು. 'ಕಾನ್‌ಸ್ಟಂಟ್ ಪೆಗ್' ಎಂಬ ಈ ಯೋಜನೆ ಲೋಕಕ್ಕೆ ಅಧಿಕೃತವಾಗಿ ತಿಳಿದದ್ದು 2006ರಲ್ಲಿ. ಮೊದಲ ಸಲ ಪಕ್ಕದಲ್ಲೇ ಮಿಗ್ ಕಂಡ ಕೆಲವು ಪೈಲಟ್‌ಗಳು ಗರ ಬಡಿದವರಂತೆ ನೋಡುತ್ತಾ ಉಳಿದುಬಿಡುತ್ತಿದ್ದರು. ಆ ಕೆಲವು ಕ್ಷಣ ಯುದ್ಧದಲ್ಲಿ ಸಿಗುವುದಿಲ್ಲ. ಆ ಬೆರಗನ್ನು ಇಲ್ಲೇ ಮುಗಿಸಿ ಕಳಿಸುವುದೇ ಅವರ ಮೊದಲ ಪಾಠ.

ಬುರುಡೆ ಎಷ್ಟೇ ಗಟ್ಟಿ ಇದ್ದರೂ ಬಾವಿ ಬಾವಿಯೇ. ರೆಡ್ ಫ್ಲ್ಯಾಗ್‌ನ ಆರಂಭದ ವರ್ಷಗಳಲ್ಲಿ ಅಪಘಾತಗಳು ಜಾಸ್ತಿ ಇದ್ದವು, ಜೀವಗಳು ಹೋದವು. ವಿಮಾನಗಳ ನಡುವೆ ಇರಬೇಕಾದ ಕನಿಷ್ಠ ಅಂತರ, ಇಳಿಯಬಾರದ ಎತ್ತರ, ಯಾರೇ ಹೇಳಿದರೂ ಎಲ್ಲರೂ ಕಾಳಗ ನಿಲ್ಲಿಸಬೇಕಾದ 'ನಾಕ್ ಇಟ್ ಆಫ್' ಎಂಬ ಕೂಗು, ಇಂಥ ನಿಯಮಗಳ ಹಿಂದೆ ಅಂಥ ಸಾವುಗಳ ನೆನಪಿದೆ.

ಇಷ್ಟೆಲ್ಲ ಕಷ್ಟ ಯಾಕೆ, ಸಿಮ್ಯುಲೇಟರ್ ಸಾಲದೇ ಎಂದು ಕೇಳಬಹುದು. ಸಿಮ್ಯುಲೇಟರ್ ಬಹಳ ಕಲಿಸುತ್ತದೆ. ಆದರೆ ಮೈಗೆ ಭಾರ ಹೇರುವುದು ಅದಕ್ಕೆ ಆಗದು. ವಿಮಾನ ಬಿರುಸಾಗಿ ತಿರುಗಿದಾಗ 9ಜಿ ತನಕ, ಅಂದರೆ ಭೂಮಿಯ ಸೆಳೆತದ ಒಂಬತ್ತು ಪಟ್ಟು, ಸೆಳೆತ ಬರುತ್ತದೆ. ಹೆಲ್ಮೆಟ್ ಸೇರಿ 6 ಕೆ.ಜಿ. ತೂಗುವ ತಲೆ 54 ಕೆ.ಜಿ. ಆಗುತ್ತದೆ. ಅಂದರೆ ಒಂದು ಸಿಮೆಂಟ್ ಮೂಟೆಗಿಂತ ಭಾರ. ಆ ತಲೆಯನ್ನೇ ಹಿಂದಕ್ಕೆ ತಿರುಗಿಸಿ ಶತ್ರುವನ್ನು ಹುಡುಕಬೇಕು. ರಕ್ತ ಕಾಲಿನ ಕಡೆ ಇಳಿಯುತ್ತದೆ. ಮೊದಲು ಬಣ್ಣ ಮಾಸುತ್ತದೆ, ನೋಟ ಕೊಳವೆಯಂತೆ ಕಿರಿದಾಗುತ್ತದೆ, ಕೊನೆಗೆ ಎಚ್ಚರವೇ ತಪ್ಪುತ್ತದೆ. ತೊಡೆ, ಹೊಟ್ಟೆಯ ಸ್ನಾಯು ಬಿಗಿದು, ಉಸಿರನ್ನು ತುಂಡು ತುಂಡಾಗಿ ಬಿಡುತ್ತಾ ರಕ್ತವನ್ನು ಮೇಲೆ ಉಳಿಸಿಕೊಳ್ಳಬೇಕು. ನಮ್ಮ ವಾಯುಪಡೆಯ ಪೈಲಟ್‌ಗಳು ಇದನ್ನು ಕಲಿಯುವ ಒಂದು ಮುಖ್ಯ ಜಾಗ ಬೆಂಗಳೂರಿನಲ್ಲೇ ಇದೆ. ಅದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಅಲ್ಲಿ ಉದ್ದನೆಯ ತೋಳಿನ ತುದಿಗೆ ಒಂದು ಕೋಣೆ ಕಟ್ಟಿ, ಮನುಷ್ಯನನ್ನು ಕೂರಿಸಿ ಗಿರಗಿರನೆ ತಿರುಗಿಸುವ ಯಂತ್ರವಿದೆ. ಆದರೆ ಅಲ್ಲಿಯೂ ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಭಾರ, ಗದ್ದಲ, ಗಡಿಬಿಡಿ ಮೂರೂ ಒಟ್ಟಿಗೆ ಸಿಗುವುದು ಆಕಾಶದಲ್ಲೇ.

ನನಗೆ ಇಡೀ ವ್ಯವಸ್ಥೆಯಲ್ಲಿ ಅತಿ ಇಷ್ಟವಾಗುವುದು ಮಾತ್ರ ಹಾರಾಟ ಮುಗಿದ ಮೇಲೆ ನಡೆಯುವ ಡಿಬ್ರೀಫ್, ಅಂದರೆ ನಡೆದದ್ದನ್ನೆಲ್ಲ ಕೂತು ಬಿಡಿಸಿ ನೋಡುವ ಮಾತುಕತೆ. ಹಾರಾಟ ಒಂದೆರಡು ಗಂಟೆ. ಡಿಬ್ರೀಫ್ ಎಷ್ಟೋ ಸಲ ಅದಕ್ಕಿಂತ ಉದ್ದ.

ಹಿಂದೆ ಇದು ನೆನಪಿನ ಮೇಲೆ ನಡೆಯುತ್ತಿತ್ತು. ಪೈಲಟ್‌ಗಳು ಎರಡೂ ಕೈಗಳನ್ನು ವಿಮಾನ ಮಾಡಿಕೊಂಡು ಗಾಳಿಯಲ್ಲಿ ತೋರಿಸುತ್ತಿದ್ದರು. ಕಪ್ಪುಹಲಗೆಯ ಬಳಿ ಯಾರು ಮೊದಲು ತಲುಪುತ್ತಾರೋ ಕಾಳಗ ಅವರದೇ ಎಂಬ ಮಾತೇ ಇತ್ತು. ನೆನಪು ಹಾಗೇ, ತನ್ನವನ ಕಡೆಗೇ ವಾಲುತ್ತದೆ. 1970ರ ದಶಕದಲ್ಲಿ ರೆಕ್ಕೆಯ ಕೆಳಗೆ ತೂಗುಹಾಕುವ ಒಂದು ಕೊಳವೆ ಬಂತು. ವಿಮಾನದ ಜಾಗ, ವೇಗ, ಎತ್ತರ, ಸೆಳೆತ ಎಲ್ಲವನ್ನೂ ಅದು ಕೆಳಗಿನ ಗೋಪುರಗಳಿಗೆ ಕಳಿಸುತ್ತಿತ್ತು. ಕ್ಷಿಪಣಿ ನಿಜವಾಗಿ ಹಾರುವುದಿಲ್ಲ. ಪೈಲಟ್ ಗುಂಡಿ ಒತ್ತಿದ ಕ್ಷಣವನ್ನು ಹಿಡಿದು, ಹಾರಿದ್ದರೆ ತಾಗುತ್ತಿತ್ತೇ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 'ಸತ್ತ'ವನಿಗೆ ರೇಡಿಯೋದಲ್ಲಿ ಸುದ್ದಿ ಬರುತ್ತದೆ, ಅವನು ಕಾಳಗದಿಂದ ಹೊರಗೆ. ಸಂಜೆ ಎಲ್ಲರೂ ಕೂತು ತೆರೆಯ ಮೇಲೆ ಇಡೀ ಯುದ್ಧವನ್ನು ಮತ್ತೆ ನೋಡುತ್ತಾರೆ.

ತಪ್ಪನ್ನು ಹುಡುಕುವ ಅವರ ಕ್ರಮ ಬಹಳ ಸರಳ. ಪ್ರತಿ ತಪ್ಪಿಗೂ ಮೂರು ಪ್ರಶ್ನೆ. ಕಂಡದ್ದೇ ತಪ್ಪಾ? ಕಂಡದ್ದು ಸರಿ, ತೀರ್ಮಾನ ತಪ್ಪಾ? ತೀರ್ಮಾನವೂ ಸರಿ, ಮಾಡುವಾಗ ಕೈ ತಪ್ಪಿತಾ? ಮೂರಕ್ಕೂ ಮದ್ದು ಬೇರೆ ಬೇರೆ. ಸರಿಯಾಗಿ ಕಾಣದವನಿಗೆ 'ಇನ್ನೂ ಚುರುಕಾಗಿ ತಿರುಗಿಸು' ಎಂದು ಬೈದರೆ ಏನೂ ಪ್ರಯೋಜನವಿಲ್ಲ. ಈ ಕೋಣೆಯಲ್ಲಿ ಹುದ್ದೆ ನಡೆಯುವುದಿಲ್ಲ. ಹಿರಿಯ ಅಧಿಕಾರಿ ತಪ್ಪಿದ್ದರೆ ಕಿರಿಯ ಪೈಲಟ್ ಎಲ್ಲರ ಮುಂದೆ ಹೇಳುತ್ತಾನೆ, ಹೇಳಲೇಬೇಕು. ಬೈಗುಳ ಇಲ್ಲ, ನೆಪ ಇಲ್ಲ. ಆ ಕ್ಷಣದಲ್ಲಿ ನೀನು ಏನು ನೋಡುತ್ತಿದ್ದೆ ಎಂಬ ಪ್ರಶ್ನೆ ಮಾತ್ರ. ನಮ್ಮ ಆಸ್ಪತ್ರೆ, ಕಚೇರಿ, ಕಾಲೇಜುಗಳಲ್ಲಿ ಹೀಗೆ ತಪ್ಪನ್ನು ಮೇಜಿನ ಮೇಲಿಟ್ಟು ಮಾತಾಡುವುದು ಎಷ್ಟು ಅಪರೂಪ ಎಂದು ನೆನೆದಾಗ ನನಗೆ ಈ ಕೋಣೆಯ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ಭಾರತದ ವಾಯುಪಡೆಯೂ ಇದೇ ದಾರಿಯಲ್ಲಿದೆ. ಕಾಳಗದ ತಂತ್ರಗಳನ್ನು ರೂಪಿಸಿ ಕಲಿಸುವ ಅದರ ಸ್ವಂತ ಸಂಸ್ಥೆ 'ಟ್ಯಾಕ್‌ಡೆ' 1971ರಲ್ಲಿ ಆದಂಪುರದಲ್ಲಿ ಹುಟ್ಟಿತು, ಈಗ ಗ್ವಾಲಿಯರ್‌ನಲ್ಲಿದೆ. 2008ರಲ್ಲಿ ನಮ್ಮ ಸುಖೋಯ್-30 ವಿಮಾನಗಳು ನೆಲ್ಲಿಸ್‌ಗೇ ಹೋಗಿ ರೆಡ್ ಫ್ಲ್ಯಾಗ್‌ನಲ್ಲಿ ಹಾರಿದವು. 2024ರಲ್ಲಿ ರಫೇಲ್‌ಗಳು ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುತ್ತಾ, ಅಟ್ಲಾಂಟಿಕ್ ದಾಟಿ ಅಲಾಸ್ಕಾದ ರೆಡ್ ಫ್ಲ್ಯಾಗ್ ತಲುಪಿದವು. ಅದೇ ವರ್ಷ ಸೂಲೂರು ಮತ್ತು ಜೋಧಪುರದಲ್ಲಿ 'ತರಂಗ ಶಕ್ತಿ' ಎಂಬ ಬಹುದೇಶಗಳ ಅಭ್ಯಾಸವನ್ನು ಭಾರತವೇ ನಡೆಸಿತು. ಇಂಥ ಕೂಟಗಳಲ್ಲಿ ಯಾರೂ ತಮ್ಮ ಪೂರ್ತಿ ಶಕ್ತಿ ತೋರಿಸುವುದಿಲ್ಲ. 2008ರಲ್ಲಿ ಸುಖೋಯ್‌ಗಳು ರಾಡಾರ್‌ಗಳನ್ನು ತರಬೇತಿ ಮೋಡ್‌ನಲ್ಲಿಯೇ ಬಳಸಿದವು ಎಂದು ವರದಿಯಾಗಿತ್ತು. ಆದ್ದರಿಂದ ಯಾರು ಎಷ್ಟು ಜನರನ್ನು 'ಹೊಡೆದರು' ಎಂಬ ಸುದ್ದಿಗಳಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಈಗ ತೊಡಕು ಬೇರೆ ಬಗೆಯದು. ಹೊಸ ವಿಮಾನಗಳು ನೂರಾರು ಕಿ.ಮೀ. ದೂರ ನೋಡುತ್ತವೆ, ನೆವಾಡಾದ ಆಕಾಶವೇ ಅವಕ್ಕೆ ಇಕ್ಕಟ್ಟು. ತಮ್ಮ ಗುಟ್ಟಿನ ತಂತ್ರಗಳನ್ನು ಬಯಲಲ್ಲಿ ತೋರಿಸುವ ಹಾಗೂ ಇಲ್ಲ. ಅದಕ್ಕೇ ನಿಜವಾದ ವಿಮಾನದ ರಾಡಾರ್ ತೆರೆಯೊಳಗೆ ಇಲ್ಲದ ಶತ್ರುಗಳನ್ನು ಕಂಪ್ಯೂಟರ್‌ನಿಂದ ಹುಟ್ಟಿಸುವ ಪದ್ಧತಿ ಬೆಳೆಯುತ್ತಿದೆ. ಖರ್ಚು ಕಡಿಮೆ, ಶತ್ರುಗಳನ್ನು ಎಷ್ಟು ಬೇಕಾದರೂ ಇಡಬಹುದು. ದೂರದ ಕಾಳಗಕ್ಕೆ ಅದು ಸಾಕು. ಆದರೆ ಪೈಲಟ್ 7ಜಿ ತಿರುವಿನಲ್ಲಿ ಕತ್ತು ಹೊರಳಿಸಿ ಗಾಜಿನ ಆಚೆ ನೋಡಿದರೆ, ತೆರೆಯ ಮೇಲೆ ಹತ್ತಿರ ಬಂದ ಆ ವಿಮಾನ ಅಲ್ಲಿ ಇರುವುದಿಲ್ಲ. ಅಲ್ಲಿ ಬರೀ ನೀಲಿ ಆಕಾಶ.