ಹೊಡೆಯಬೇಡಿ ಎಂದರೆ ಮತ ಕೇಳಿದಂತಲ್ಲ

ಚುನಾವಣೆ ಹತ್ತಿರವಾದರೆ ಸಾಕು, ಕಾರ್ಮಿಕ ಸಂಘಗಳ ಪದಾಧಿಕಾರಿಗಳು ಒಂದೇ ಪ್ರಶ್ನೆ ಹೊತ್ತು ನನ್ನ ಕಚೇರಿಗೆ ಬರುತ್ತಾರೆ: ‘ಸರ್, ಗಲಾಟೆಯ ಬಗ್ಗೆ ಹೇಳಿಕೆ ಕೊಟ್ಟರೆ ನೋಂದಣಿ ರದ್ದಾಗುತ್ತದೆಯೇ?’ ಕಳೆದ ಸಲ ಬಂದವರ ಕರಡಿನಲ್ಲಿ ‘ನಮ್ಮ ಸದಸ್ಯನ ಮೇಲೆ ನಡೆದ ಹಲ್ಲೆ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಅಹಿತಕರ ಘಟನೆ’ ಎಂದು ತಿದ್ದಲಾಗಿತ್ತು. ಪೆಟ್ಟು ತಿಂದವನು ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಲ್ಲೇ ಕುಳಿತಿದ್ದ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಪದವನ್ನು ಮತ್ತೆ ಬರೆಸಿಯೇ ಕಳುಹಿಸಿದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಗೆರೆ ಎಳೆದದ್ದು ಹಣಕ್ಕೆ, ಬಾಯಿಗಲ್ಲ. ಸದಸ್ಯರ ಚಂದಾದಿಂದ ಬಂದ ಸಾಮಾನ್ಯ ನಿಧಿಯನ್ನು ಅಭ್ಯರ್ಥಿಯ ಪ್ರಚಾರಕ್ಕೆ ಬಳಸುವಂತಿಲ್ಲ. ರಾಜಕೀಯ ಉದ್ದೇಶಕ್ಕೆ ಪ್ರತ್ಯೇಕ ನಿಧಿ ಇರಬೇಕು. ಅದಕ್ಕೆ ಕೊಡಲೊಲ್ಲೆ ಎಂದ ಸದಸ್ಯನನ್ನು ಬಲವಂತ ಮಾಡಬಾರದು, ಬೇರೆಯಾಗಿಯೂ ಕಾಣಬಾರದು. ಪ್ರತ್ಯೇಕ ನಿಧಿಯ ಈ ಏರ್ಪಾಡು ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ‘ನಮ್ಮವರನ್ನು ಹೊಡೆಯಬೇಡಿ’ ಎಂದು ಸಂಘ ಹೇಳುವುದನ್ನು ಇವೆರಡೂ ತಡೆಯುವುದಿಲ್ಲ. ಆದರೆ ರಾಜಕೀಯ ಸಭೆ, ರಾಜಕೀಯ ಕರಪತ್ರ ಎಂಬ ಮಾತುಗಳನ್ನು ಹಳೆಯ ಕಾಯ್ದೆ ಬಹಳ ವಿಶಾಲವಾಗಿ ಬಳಸಿತ್ತು. ಹಾಗಾಗಿ ಅನುಮಾನವಿದ್ದರೆ ಮುದ್ರಣದ ಖರ್ಚನ್ನು ಸಾಮಾನ್ಯ ನಿಧಿಗೆ ಹಾಕಬೇಡಿ.

ಹೆದರುವವರಿಗೆ ನಾನು ಜಿಂಬಾಬ್ವೆಯ ಕಥೆ ಹೇಳುತ್ತೇನೆ. 2008ರ ಮಾರ್ಚ್ 29ರ ಮತದಾನಕ್ಕೂ ಜೂನ್ 27ರ ಎರಡನೇ ಸುತ್ತಿಗೂ ನಡುವೆ ಅಲ್ಲಿ ವಿರೋಧ ಪಕ್ಷದವರ ಮೇಲೆ ಭೀಕರ ದಾಳಿಗಳಾದವು. ಅಲ್ಲಿನ ಕಾರ್ಮಿಕ ಒಕ್ಕೂಟದ ಮುಖಂಡರಾದ ಲವ್‌ಮೋರ್ ಮಟೊಂಬೊ ಮತ್ತು ವೆಲ್ಲಿಂಗ್ಟನ್ ಚಿಬೆಬೆ ಮೇ ದಿನದ ಸಭೆಯಲ್ಲಿ ಆ ಹಿಂಸೆಯ ಬಗ್ಗೆ ಮಾತನಾಡಿದರು. ವಾರ ತುಂಬುವ ಹೊತ್ತಿಗೆ ಬಂಧನ, ಸುಳ್ಳು ಹರಡಿದ ಆರೋಪ. ಅದಕ್ಕೂ ಮೊದಲು, ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿಗೆ ಜಿಂಬಾಬ್ವೆಗೆ ಹೊರಟ ಶಸ್ತ್ರಾಸ್ತ್ರ ತುಂಬಿದ ಚೀನೀ ಹಡಗು ಬಂದಿತ್ತು. ಸರಕು ಇಳಿಸುವುದಿಲ್ಲ ಎಂದು ಅಲ್ಲಿನ ಸಾರಿಗೆ ಕಾರ್ಮಿಕರ ಸಂಘ ಪಟ್ಟು ಹಿಡಿಯಿತು, ನ್ಯಾಯಾಲಯದ ತಡೆಯೂ ಬಂತು, ಹಡಗು ಹೊರಟುಹೋಯಿತು. ಆ ಹಮಾಲರನ್ನು ನೆನೆದರೆ ಈಗಲೂ ನನ್ನ ಎದೆ ತುಂಬಿಬರುತ್ತದೆ.

ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನಿಖಾ ಆಯೋಗ ನೇಮಿಸಿತು. ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕಿನ 87 ಮತ್ತು 98ನೇ ಒಡಂಬಡಿಕೆಗಳನ್ನು ಜಿಂಬಾಬ್ವೆ ವ್ಯವಸ್ಥಿತವಾಗಿ ಉಲ್ಲಂಘಿಸಿದೆ ಎಂದು ಆಯೋಗ ಹೇಳಿತು. ಆ ಎರಡನ್ನೂ ಭಾರತ ಅನುಮೋದಿಸಿಲ್ಲ, ಆದ್ದರಿಂದ ಅವನ್ನು ನಮ್ಮ ನ್ಯಾಯಾಲಯದಲ್ಲಿ ನೇರ ಅಸ್ತ್ರ ಮಾಡಿಕೊಳ್ಳಲಾಗದು. ನಮಗಿರುವ ಆಸರೆ ಮಾತನಾಡುವ, ಸಂಘ ಕಟ್ಟುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ.

ಹೇಳಿಕೆ ಕೊಡುವ ಮೊದಲು ಕಾರ್ಯಕಾರಿ ಸಮಿತಿಯ ಸಭೆ ಕರೆದು ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹಲ್ಲೆಯ ದಿನ, ಸ್ಥಳ, ದೂರಿನ ಸಂಖ್ಯೆ ಇರಲಿ. ಯಾವ ಪಕ್ಷಕ್ಕೆ ಮತ ಹಾಕಬೇಕೆಂಬ ಸುಳಿವೂ ಬೇಡ. ಆರೋಪಿಯ ಹೆಸರು ಹಾಕುವ ಮುನ್ನ ವಕೀಲರಿಗೆ ತೋರಿಸಿ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಬಿಡಬೇಡಿ. ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.