ಟೇಪನ್ನು ಮೆಟ್ಟಿಲ ಮೇಲೆ ಹಾಸಬೇಡಿ

ಫೋನಿನಲ್ಲಿ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ನಮ್ಮ ಮನೆಗೆ ಮೂರು ಮೆಟ್ಟಿಲು. ವೀಲ್‌ಚೇರ್ ಹತ್ತಿಸಿ ಇಳಿಸಲು ಎಷ್ಟು ಅಡಿಯ ರ್‍ಯಾಂಪ್ ತರಿಸಬೇಕು?" ಎತ್ತರವೆಷ್ಟು ಎಂದು ಕೇಳುತ್ತೇನೆ. "ಟೇಪು ಹಿಡಿದು ನೋಡಿದೆವು, ಎರಡೂಕಾಲು ಅಡಿ ಬಂತು. ಮೂರಡಿಯದು ಸಾಕಲ್ಲವೇ?" ಎನ್ನುತ್ತಾರೆ. ಅವರು ಏನು ಮಾಡಿದ್ದಾರೆಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಮೇಲಿನ ಮೆಟ್ಟಿಲ ಅಂಚಿನಿಂದ ಅಂಗಳದ ನೆಲದವರೆಗೆ ಟೇಪನ್ನು ಓರೆಯಾಗಿ ಎಳೆದಿದ್ದಾರೆ. ಆ ಅಳತೆಗೆ ತಂದ ರ್‍ಯಾಂಪ್ ಮೆಟ್ಟಿಲುಗಳ ಮೇಲೆ ಮಲಗುತ್ತದೆ, ಮೆಟ್ಟಿಲಷ್ಟೇ ಕಡಿದಾಗಿರುತ್ತದೆ. ಅದರ ಮೇಲೆ ವೀಲ್‌ಚೇರಿನಲ್ಲಿ ಕೂತವರನ್ನು ನೂಕುವುದೆಂದರೆ ಗೋಡೆಗೆ ನೂಕಿದಂತೆ.

ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವವಳಾಗಿ/ಕಲಿಸುವವನಾಗಿ ಅಲ್ಲ, ಕಲಿಸುವ ಕೆಲಸಕ್ಕಾಗಿ ಮನೆಮನೆಗೆ ಹೋಗುವ ನನಗೆ ಇದನ್ನು ಎಷ್ಟು ಸಲ ಹೇಳಿದರೂ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ನಿಮಗೆ ಬೇಕಾದ ಅಳತೆ ಒಂದೇ: ವೀಲ್‌ಚೇರ್ ಹೊರಡುವ ನೆಲಕ್ಕೂ ಅದು ಇಳಿದು ನಿಲ್ಲುವ ನೆಲಕ್ಕೂ ನೇರವಾಗಿ ಎಷ್ಟು ಎತ್ತರದ ವ್ಯತ್ಯಾಸ ಎಂಬುದು. ಮೂರು ಮೆಟ್ಟಿಲು, ಒಂದೊಂದು 6 ಇಂಚು ಎಂದರೆ 18 ಇಂಚು. ಸಾರ್ವಜನಿಕ ಕಟ್ಟಡಗಳಿಗೆ ಹಾಕಿರುವ ಸಾಮಾನ್ಯ ಮಿತಿ 1:12, ಅಂದರೆ ಒಂದು ಇಂಚು ಎತ್ತರಕ್ಕೆ 12 ಇಂಚು, ಅಂದರೆ ಒಂದು ಅಡಿ ಉದ್ದ. ಆ ಲೆಕ್ಕದಲ್ಲಿ ನಿಮಗೆ 18 ಅಡಿ ಬೇಕು. ಈ ಮಾತು ಕೇಳಿದ ಕೂಡಲೇ ಆ ಕಡೆ ಮೌನ.

ಕೂತವರು 70 ಕಿಲೋ, ಕಬ್ಬಿಣದ ಮಡಚುವ ಕುರ್ಚಿ 20 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 90. ಇದನ್ನು ಎತ್ತರದಿಂದ (ಇಲ್ಲಿ ಒಂದೂವರೆ ಅಡಿ) ಗುಣಿಸಿ, ರ್‍ಯಾಂಪಿನ ಉದ್ದದಿಂದ ಭಾಗಿಸಿ. 18 ಅಡಿಯ ರ್‍ಯಾಂಪಿನಲ್ಲಿ ಏಳೂವರೆ ಕಿಲೋ ಭಾರವನ್ನು ತಡೆದು ನೂಕುತ್ತೀರಿ. 9 ಅಡಿಯದಾದರೆ 15 ಕಿಲೋ. ನೀವು ಕೊಳ್ಳಹೊರಟ ಮೂರಡಿಯದರಲ್ಲಿ 45 ಕಿಲೋ. ಏರುವಾಗ ಹೇಗೋ ನಾಲ್ವರು ಸೇರಿ ತಳ್ಳಬಹುದು. ಇಳಿಯುವಾಗ ಆ 45 ಕಿಲೋ ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. "ಜೋರಾಗಿ ಓಡಿ ಬಂದು ನೂಕಿದರೆ ಹತ್ತುತ್ತದೆ" ಎನ್ನುವ ಹುಡುಗರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಓಡಿ ಬಂದ ಕುರ್ಚಿಯ ಮುಂದಿನ ಪುಟ್ಟ ಚಕ್ರ ರ್‍ಯಾಂಪಿನ ಅಂಚಿಗೆ ಸಿಕ್ಕಿಕೊಂಡರೆ ಕೂತವರು ಮುಂದಕ್ಕೆ ಬೀಳುತ್ತಾರೆ. ಹಾಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯೊಬ್ಬರಿಗೆ ಮತ್ತೆ ಹಾಸಿಗೆಯಿಂದ ಎದ್ದು ಕೂರುವುದನ್ನು ಕಲಿಸಿದ್ದೇನೆ. ದಯವಿಟ್ಟು ಓಡಬೇಡಿ.

ಮನೆಯಲ್ಲಿ, ಗಟ್ಟಿಯಾದವರೊಬ್ಬರು ಹಿಂದೆ ನಿಂತು ನೂಕುವುದಾದರೆ, 1:8ರವರೆಗೆ ನಾನು ಒಪ್ಪುತ್ತೇನೆ. ಹಲವು ತಯಾರಕರು 1:6 ಎಂದು ಬರೆದಿರುತ್ತಾರೆ. ಅದು ಕೊನೆಯ ಮಿತಿ, ಗುರಿಯಲ್ಲ. ನೂಕುವವರು ಅರವತ್ತು ದಾಟಿದ ಹೆಂಡತಿ ಎಂದಾದರೆ 1:12ಕ್ಕಿಂತ ಕಡಿದಾದುದನ್ನು ನಾನು ಸೂಚಿಸುವುದಿಲ್ಲ. ಇದೂ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ; ಮುಂಡದ ಹಿಡಿತವಿಲ್ಲದೆ ನೆಟ್ಟಗೆ ಕೂರಲಾರದವರಿಗೆ, ಮೋಟಾರು ಕುರ್ಚಿಯವರಿಗೆ ಬೇರೆಯೇ ಲೆಕ್ಕ. ನಿಮ್ಮ ಥೆರಪಿಸ್ಟ್ ಒಮ್ಮೆ ಬಂದು ನೋಡಲಿ.

ಅಳೆಯುವಾಗ ಇನ್ನೊಂದು ತಪ್ಪು ನಡೆಯುತ್ತದೆ. ಎತ್ತರವನ್ನು ಮೆಟ್ಟಿಲ ಬುಡದಲ್ಲಿ ಅಳೆಯುತ್ತಾರೆ. ಆದರೆ ರ್‍ಯಾಂಪ್ ಬಂದು ಇಳಿಯುವುದು ಬುಡದಲ್ಲಿ ಅಲ್ಲ, ಅಲ್ಲಿಂದ ಹಲವು ಅಡಿ ಆಚೆ. ಮಳೆನೀರು ಹೊರಗೆ ಹರಿಯಲೆಂದು ಅಂಗಳವನ್ನು ಗೇಟಿನ ಕಡೆಗೆ ಇಳಿಜಾರಾಗಿಯೇ ಕಟ್ಟಿರುತ್ತಾರೆ. 9 ಅಡಿಯ ರ್‍ಯಾಂಪ್ ಬಂದು ಇಳಿಯುವಲ್ಲಿ ನೆಲ 2 ಇಂಚು ತಗ್ಗಿದ್ದರೆ ನಿಮ್ಮ 18 ಇಂಚು 20 ಆಯಿತು, 1:6 ಎಂದುಕೊಂಡದ್ದು ಮಿತಿ ಮೀರಿತು. ಗಾರೆ ಕೆಲಸದವರನ್ನು ಕರೆಯಿರಿ. ಅವರ ಬಳಿ ರಸಮಟ್ಟವಿದೆ, ನೀರು ತುಂಬಿದ ಪಾರದರ್ಶಕ ಕೊಳವೆಯಿದೆ. ಐದು ನಿಮಿಷದಲ್ಲಿ ಸರಿಯಾದ ಅಂಕಿ ಹೇಳುತ್ತಾರೆ. 20×30 ಸೈಟಿನ ಮನೆಗಳಲ್ಲಿ ಮೆಟ್ಟಿಲು ಮುಗಿದಲ್ಲೇ ಗೇಟು, ಗೇಟಿನಾಚೆ ಮೋರಿ. ಅಲ್ಲಿ ಜಾಗವೇ ಇಲ್ಲದಿದ್ದರೆ ರ್‍ಯಾಂಪ್ ಉತ್ತರವಲ್ಲ ಎಂದು ಹೇಳಿಬಿಡುತ್ತೇನೆ.

ಇನ್ನು ಹೊಸ್ತಿಲು. ಅದನ್ನು ಕಿತ್ತು ಹಾಕಿ ಎಂದು ಹೇಳುವ ಸಲಹೆಗಾರರಿದ್ದಾರೆ. ದಿನವೂ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವವರಿಗೆ ನಾನು ಹಾಗೆ ಹೇಳಲಾರೆ, ಹೇಳಬೇಕಾಗಿಯೂ ಇಲ್ಲ. ಒಳಗೊಂದು ಹೊರಗೊಂದು ಇಳಿಜಾರಿರುವ ಸಣ್ಣ ಸೇತುವೆಯಂಥ ರ್‍ಯಾಂಪ್‌ಗಳು ಹೊಸ್ತಿಲನ್ನು ಮುಟ್ಟದೆ ದಾಟಿಸುತ್ತವೆ. ರಂಗೋಲಿಯನ್ನು ಮಾತ್ರ ರ್‍ಯಾಂಪ್ ಕೂರುವ ಜಾಗದಿಂದ ಒಂದು ಗೇಣು ಆಚೆ ಹಾಕಿ. ಆ ಪುಡಿ ನುಣುಪಾದ ಗ್ರಾನೈಟಿನ ಮೇಲೆ ಬಿದ್ದರೆ ಲೋಹದ ಅಂಚು ಜಾರುತ್ತದೆ.

ಜೋಡಿಸುವಾಗ ಮೇಲಂಚು ಪೂರ್ತಿ ಅಗಲಕ್ಕೆ ನೆಲದ ಮೇಲೆ ಕೂತಿರಬೇಕು. ಸರಪಳಿಯೋ ಪಿನ್ನೋ ಕೊಟ್ಟಿದ್ದರೆ ಅದನ್ನು ಡಬ್ಬದಲ್ಲೇ ಬಿಡಬೇಡಿ. ಮೊದಲು ಖಾಲಿ ಕುರ್ಚಿ, ಆಮೇಲೆ 25 ಕಿಲೋ ಅಕ್ಕಿ ಮೂಟೆ, ಆಮೇಲೆ ಮನುಷ್ಯರು. ಇಳಿಸುವಾಗ ಕುರ್ಚಿಯ ಬೆನ್ನು ಕೆಳಗಿನ ದಿಕ್ಕಿಗಿರಲಿ, ನೂಕುವವರು ಕೆಳಗಡೆ ನಿಂತು ಹಿಂದೆ ಹಿಂದೆ ಹೆಜ್ಜೆ ಇಡಲಿ.

ಸಕಲೇಶಪುರದ ಕಡೆಯ ಮನೆಯೊಂದರಲ್ಲಿ, ಪಾರ್ಶ್ವವಾಯುವಾದ ನಿವೃತ್ತ ಮೇಷ್ಟರೊಬ್ಬರಿಗೆ ಹೊರದೇಶದ ಮಗ ಇದೇ ಮೂರಡಿಯ ರ್‍ಯಾಂಪ್ ಕಳಿಸಿದ್ದ. ಮುಂಬಾಗಿಲಿಗೆ 18 ಇಂಚು ಎತ್ತರ. ರ್‍ಯಾಂಪ್ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತ್ತು, ಮೇಷ್ಟರು ಏಳು ತಿಂಗಳಿಂದ ಮನೆಯಾಚೆ ಬಂದಿರಲಿಲ್ಲ. ನಾನು ಮನೆ ಸುತ್ತಿ ನೋಡಿದೆ. ನೆಲ ಹಿಂದಿನಿಂದ ಮುಂದಕ್ಕೆ ಇಳಿಯುತ್ತಿತ್ತು, ಹಿತ್ತಲ ಬಾಗಿಲಿಗೆ ಎತ್ತರ ಬರೀ 4 ಇಂಚು. ಮೂರಡಿ ರ್‍ಯಾಂಪಿಗೆ ಅದು 1:9. ಆದರೆ ಮೇಷ್ಟರು ಒಪ್ಪಲಿಲ್ಲ. "ಹಿತ್ತಲಿನಿಂದ ನನ್ನನ್ನು ಹೊರಡಿಸುತ್ತೀರಾ?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ವಾರ ಬಿಟ್ಟು ಹೋದಾಗ ಸೊಸೆ ಹಿತ್ತಲಿನಿಂದ ಮನೆ ಬಳಸಿ ಮುಂದಿನ ಅಂಗಳಕ್ಕೆ ಬರುವಂತೆ ಚಪ್ಪಡಿ ಕಲ್ಲು ಹಾಸಿಸಿದ್ದಳು. ಮೇಷ್ಟರು ಗೇಟಿನ ಬಳಿ, ಬೀದಿಗೆ ಮುಖ ಮಾಡಿ ಪೇಪರು ಓದುತ್ತಾ ಕೂತಿದ್ದರು. ಶಾಲೆ ಬಿಟ್ಟ ಹುಡುಗರು ನಿಂತು ನಮಸ್ಕಾರ ಹೇಳಿ ಹೋಗುತ್ತಿದ್ದರು.